ಒಂದೇ ಪೀಪಾಯಿಯ ಹಳೆಯ ವಿಸ್ಕಿಯನ್ನು ಆರಿಸುವುದೆಂದರೆ

ಹಳೆಯ ಸ್ಕಾಚ್ ವಿಸ್ಕಿಯ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಅದಕ್ಕೆ ಎಷ್ಟು ವರ್ಷವಾಯಿತು ಎಂಬ ಪ್ರಶ್ನೆ. ಅದರ ಬೆನ್ನಿಗೇ ಬರುವುದು ಬಣ್ಣದ ಮಾತು. ಮೂವತ್ತು ವರ್ಷ ಎಂದರೆ ಗೌರವ, ನಲವತ್ತು ಎಂದರೆ ಇನ್ನೂ ಹೆಚ್ಚಿನ ಗೌರವ. ಬಣ್ಣ ಕಡುಗಂದಾಗಿದ್ದರೆ ಲೋಟವನ್ನು ಬೆಳಕಿಗೆ ಹಿಡಿದವರ ಮುಖ ಕುಡಿಯುವ ಮೊದಲೇ ಅರಳುತ್ತದೆ. ಇವು ಸಹಜವಾದ ಕುತೂಹಲಗಳೇ. ಆದರೆ ಒಂದೊಂದೇ ಪೀಪಾಯಿಯಿಂದ ಬಾಟಲಿಗೆ ಇಳಿಸಿದ, ದಶಕಗಳ ಕಾಲ ಮಾಗಿದ ವಿಸ್ಕಿಗಳನ್ನು ಸವಿಯುತ್ತ ಬಂದ ಹಾಗೆ ನನ್ನನ್ನು ಕಾಡತೊಡಗಿದ್ದು ಬೇರೊಂದು ಸಂಗತಿ. ಅಪರೂಪವೆಂದು ಹೆಸರಾದ ಎಷ್ಟೋ ಬಾಟಲಿಗಳಲ್ಲಿ ನನಗೆ ಸಿಕ್ಕಿದ್ದು ಬಹುಪಾಲು ಮರದ ರುಚಿ. ಆ ಮದ್ಯವನ್ನು ಯಾವ ಡಿಸ್ಟಿಲರಿಯಲ್ಲಿ ಬಟ್ಟಿ ಇಳಿಸಿದರು ಎಂಬುದನ್ನು ಲೇಬಲ್ಲು ನೋಡದೆ ಊಹಿಸುವುದಕ್ಕೂ ಎಡೆಯಿಲ್ಲದಷ್ಟು ಮರ. ಹಾಗಾದರೆ ಇದನ್ನು ಆರಿಸಿದವರು ಏನನ್ನು ನೋಡಿ ಆರಿಸಿದರು, ಇನ್ನೂ ಹತ್ತು ವರ್ಷ ಮೊದಲೇ ಇದನ್ನು ಏಕೆ ಹೊರತೆಗೆಯಲಿಲ್ಲ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಮಾರುಕಟ್ಟೆಯಲ್ಲಿ ನಮಗೆ ಸಿಗುವ ಸಾಮಾನ್ಯ ಸಿಂಗಲ್ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ, ಒಂದೇ ಡಿಸ್ಟಿಲರಿಯದ್ದಾದರೂ ಹತ್ತಾರು, ಕೆಲವೊಮ್ಮೆ ನೂರಾರು ಪೀಪಾಯಿಗಳನ್ನು ಕೂಡಿಸಿ ಮಾಡಿದ್ದು. ಒಂದರ ಒಗರನ್ನು ಇನ್ನೊಂದರ ಸಿಹಿ ಸರಿದೂಗಿಸುತ್ತದೆ, ಸಪ್ಪೆಯಾದದ್ದಕ್ಕೆ ಗಡುಸಾದದ್ದು ಜೊತೆಯಾಗುತ್ತದೆ. ಲೇಬಲ್ಲಿನ ಮೇಲಿನ ವಯಸ್ಸು ಅವುಗಳಲ್ಲಿ ಎಲ್ಲಕ್ಕಿಂತ ಎಳೆಯದಾದ ಪೀಪಾಯಿಯದ್ದಾಗಿರಬೇಕು ಎಂಬುದು ಕಾನೂನು. ಸಿಂಗಲ್ ಕಾಸ್ಕ್‌ನಲ್ಲಿ, ಅಂದರೆ ಒಂದೇ ಪೀಪಾಯಿಯ ವಿಸ್ಕಿಯಲ್ಲಿ, ಈ ಅನುಕೂಲ ಯಾವುದೂ ಇಲ್ಲ. ಕೊರತೆಯಿದ್ದರೆ ತುಂಬಿಕೊಡಲು ಪಕ್ಕದಲ್ಲಿ ಇನ್ನೊಂದು ಪೀಪಾಯಿಯಿಲ್ಲ. ಒಮ್ಮೆ ಬಾಟಲಿಗೆ ತುಂಬಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ಆರಿಸುವವರ ಕೈಯಲ್ಲಿ ಉಳಿಯುವುದು ಯಾವ ಪೀಪಾಯಿ, ಯಾವಾಗ ಎಂಬ ಎರಡೇ ತೀರ್ಮಾನಗಳು. ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಷ್ಟ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮರದ ಕೆಲಸ, ಕಾಲದ ಕೆಲಸ

ಸ್ಕಾಚ್ ವಿಸ್ಕಿ ಎನಿಸಿಕೊಳ್ಳಬೇಕಾದರೆ ಮದ್ಯವು 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ, ಸ್ಕಾಟ್ಲೆಂಡ್‌ನ ನೆಲದಲ್ಲೇ, ಕನಿಷ್ಠ ಮೂರು ವರ್ಷ ಇರಬೇಕು. ಪೀಪಾಯಿ ಹೊಸದಾಗಿರಬೇಕೆಂಬ ನಿಯಮವಿಲ್ಲ. ಅಮೆರಿಕದ ಬರ್ಬನ್ ವಿಸ್ಕಿಗಾದರೋ ಪ್ರತಿ ಸಲವೂ ಒಳಮೈ ಸುಟ್ಟ ಹೊಸ ಓಕ್ ಬೇಕು. ಆದ್ದರಿಂದ ಅಲ್ಲಿ ಒಮ್ಮೆ ಬಳಸಿದ, ಸುಮಾರು 200 ಲೀಟರ್ ಹಿಡಿಸುವ ಪೀಪಾಯಿಗಳು ಅಟ್ಲಾಂಟಿಕ್ ದಾಟಿ ಸ್ಕಾಟ್ಲೆಂಡ್‌ಗೆ ಬರುತ್ತವೆ. ಅವುಗಳಲ್ಲಿ ಹಲವನ್ನು ಬಿಚ್ಚಿ, ಇನ್ನಷ್ಟು ಹಲಗೆ ಸೇರಿಸಿ, ಸುಮಾರು 250 ಲೀಟರ್‌ನ ಹಾಗ್ಸ್‌ಹೆಡ್‌ಗಳಾಗಿ ಮತ್ತೆ ಕಟ್ಟುತ್ತಾರೆ. ಸ್ಪೇನ್‌ನ ಶೆರಿ ಎಂಬ ವೈನಿನ ನಂಟಿನ, ಬಟ್ ಎಂದು ಕರೆಯುವ ಪೀಪಾಯಿಗಳು ಇವುಗಳ ಎರಡರಷ್ಟು ದೊಡ್ಡವು, ಸುಮಾರು 500 ಲೀಟರ್. ಪೀಪಾಯಿಗೆ ಸ್ಕಾಚ್ ಮೊದಲ ಸಲ ತುಂಬಿದ್ದಾದರೆ ಅದು ಫಸ್ಟ್ ಫಿಲ್, ಆಮೇಲಿನದೆಲ್ಲ ರೀಫಿಲ್.

ಈ ಮರದೊಳಗೆ ನಡೆಯುವ ಬದಲಾವಣೆಗಳು ಎರಡು ಬಗೆಯವು, ಅವೆರಡರ ವೇಗವೂ ಬೇರೆ. ಮೊದಲನೆಯದು, ಮದ್ಯವು ಮರದಿಂದ ಹೀರಿಕೊಳ್ಳುವುದು. ಓಕ್ ಮರದ ಲಿಗ್ನಿನ್ ಎಂಬ ಅಂಶ ಬೆಂಕಿಯ ಕಾವಿಗೆ ಒಡೆದಾಗ ವೆನಿಲಾದ ಕಂಪಿನ ವೆನಿಲಿನ್ ಹುಟ್ಟುತ್ತದೆ. ತೆಂಗಿನಕಾಯಿಯ ಕಂಪು ಮರದ ಲ್ಯಾಕ್ಟೋನ್‌ಗಳಿಂದ, ಲವಂಗದ ಘಮಲು ಯೂಜಿನಾಲ್‌ನಿಂದ, ಬಾಯಿ ಒಣಗಿಸುವ ಒಗರು ಟ್ಯಾನಿನ್‌ನಿಂದ ಬರುತ್ತದೆ. ಎರಡನೆಯದು, ಮರದ ಸಂದುಗಳ ಮೂಲಕ ಒಳಬರುವ ಗಾಳಿಯ ಜೊತೆ ಮದ್ಯವು ಬಹಳ ನಿಧಾನವಾಗಿ ವರ್ತಿಸುತ್ತ ಹೋಗುವುದು. ಆಮ್ಲಗಳೂ ಆಲ್ಕೋಹಾಲೂ ಕೂಡಿ ಎಸ್ಟರ್‌ಗಳಾಗುತ್ತವೆ. ಹಳೆಯ ವಿಸ್ಕಿಯಲ್ಲಿ ನಾವು ಮೆಚ್ಚುವ ಮಾಗಿದ ಹಣ್ಣಿನ ಪರಿಮಳಗಳು ಹೆಚ್ಚಾಗಿ ಈ ನಿಧಾನದ ಕೆಲಸದ ಫಲ. ಮರ ತನ್ನಲ್ಲಿರುವುದನ್ನು ಮೊದಲ ವರ್ಷಗಳಲ್ಲೇ ಧಾರಾಳವಾಗಿ ಕೊಟ್ಟುಬಿಡುತ್ತದೆ. ಗಾಳಿಯ ಕೆಲಸಕ್ಕೆ ದಶಕಗಳೇ ಬೇಕು. ಕಸುವು ತುಂಬಿದ ಫಸ್ಟ್ ಫಿಲ್ ಪೀಪಾಯಿಯಲ್ಲಿ ಎರಡನೆಯ ಕೆಲಸ ಮುಗಿಯುವಷ್ಟರಲ್ಲಿ ಮೊದಲನೆಯದು ಎಲ್ಲವನ್ನೂ ಮುಚ್ಚಿಬಿಟ್ಟಿರುತ್ತದೆ. ಹೆಚ್ಚು ಕಾಲ ಬಾಳುವ ವಿಸ್ಕಿಗೆ ಸ್ವಲ್ಪ ದಣಿದ ಮರವೇ ಒಳ್ಳೆಯದೆಂದು ನಾನು ನಂಬುವುದು ಈ ಕಾರಣಕ್ಕಾಗಿ.

ಈ ನಡುವೆ ಪೀಪಾಯಿ ಬರಿದಾಗುತ್ತಲೂ ಇರುತ್ತದೆ. ಸ್ಕಾಟ್ಲೆಂಡ್‌ನ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ, ಇದನ್ನೇ ದೇವತೆಗಳ ಪಾಲು ಎನ್ನುವುದು. ಈ ಲೆಕ್ಕದಲ್ಲಿ 250 ಲೀಟರ್‌ನ ಹಾಗ್ಸ್‌ಹೆಡ್ ಮೂವತ್ತು ವರ್ಷಕ್ಕೆ ಸುಮಾರು 136 ಲೀಟರ್‌ಗೆ ಇಳಿಯುತ್ತದೆ, ಅಂದರೆ 700 ಮಿಲಿಲೀಟರ್‌ನ ಇನ್ನೂರು ಬಾಟಲಿಗಳೂ ತುಂಬುವುದಿಲ್ಲ. ಅಮೆರಿಕದ ಕೆಂಟಕಿಯ ಬಿಸಿ ಒಣಹವೆಯ ಉಗ್ರಾಣಗಳಲ್ಲಿ ನೀರು ಬೇಗ ಆವಿಯಾಗಿ ಮದ್ಯಾಂಶ ಏರುವುದುಂಟು. ಸ್ಕಾಟ್ಲೆಂಡ್‌ನ ತೇವದಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ. ಶೇ. 63.5ರ ಮದ್ಯಾಂಶದಲ್ಲಿ ತುಂಬಿದ್ದು ಮೂರ್ನಾಲ್ಕು ದಶಕಗಳಲ್ಲಿ ನಲವತ್ತೈದರ ಆಸುಪಾಸಿಗೆ ಬಂದಿರುತ್ತದೆ. ಶೇ. 40ಕ್ಕಿಂತ ಕೆಳಗಿಳಿದರೆ ಅದನ್ನು ಸ್ಕಾಚ್ ಎಂದು ಮಾರುವಂತಿಲ್ಲ. ಗಡುಸಾದ ಇನ್ನೊಂದು ಪೀಪಾಯಿಯನ್ನು ಬೆರೆಸಿ ಅದನ್ನು ಉಳಿಸಿಕೊಳ್ಳಬಹುದು. ಆದರೆ ಆಗ ಅದು ಒಂದೇ ಪೀಪಾಯಿಯದ್ದಾಗಿ ಉಳಿಯುವುದಿಲ್ಲ. ಹಳೆಯ ಪೀಪಾಯಿಯ ಒಡೆಯ ಪ್ರತಿವರ್ಷವೂ ಈ ಗೆರೆಯ ಕಡೆ ಒಂದು ಕಣ್ಣಿಟ್ಟೇ ಕಾಯುತ್ತಾನೆ.

ಉಳಿದುಹೋದ ಪೀಪಾಯಿಗಳು

ಇಂದು ನಾವು ಅಪರೂಪವೆನ್ನುವ ಹಳೆಯ ಪೀಪಾಯಿಗಳಲ್ಲಿ ಬಹುಪಾಲನ್ನು ಯಾರೂ ಅಪರೂಪವಾಗಲೆಂದು ಎತ್ತಿಟ್ಟಿರಲಿಲ್ಲ. 1980ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡ್‌ನ ಉಗ್ರಾಣಗಳಲ್ಲಿ ಬೇಡಿಕೆಗಿಂತ ಎಷ್ಟೋ ಹೆಚ್ಚು ವಿಸ್ಕಿ ಸೇರಿಹೋಗಿತ್ತು. 1983ರಲ್ಲಿ ಐಲಾ ದ್ವೀಪದ ಪೋರ್ಟ್ ಎಲೆನ್, ಈಶಾನ್ಯ ಕರಾವಳಿಯ ಬ್ರೋರಾ ಮೊದಲಾಗಿ ಹಲವು ಡಿಸ್ಟಿಲರಿಗಳು ಬಾಗಿಲು ಮುಚ್ಚಿದವು. 1993ರಲ್ಲಿ ರೋಸ್‌ಬ್ಯಾಂಕ್ ಮುಚ್ಚಿತು. ಇವುಗಳ ವಿಸ್ಕಿ ಮುಖ್ಯವಾಗಿ ಬೆರಕೆ ವಿಸ್ಕಿಗಳ ಹೊಟ್ಟೆ ಸೇರಬೇಕಾಗಿದ್ದದ್ದು. ಹಾಗಾಗಿ ಬಹಳಷ್ಟನ್ನು ದುಬಾರಿ ಮರಕ್ಕೆ ತುಂಬದೆ, ಮತ್ತೆಮತ್ತೆ ಬಳಸಿದ ಸಾಧಾರಣ ಹಾಗ್ಸ್‌ಹೆಡ್‌ಗಳಿಗೆ ತುಂಬಿ, ಕೇಳುವವರಿಲ್ಲದೆ ಬಿಟ್ಟಿದ್ದರು. ಆ ದಣಿದ ಮರದಲ್ಲಿ ಅವು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಮಾಗಿ ಹೊರಬಂದಾಗ ಜಗತ್ತು ಬೆರಗಾಯಿತು. ಬ್ರೋರಾ 2021ರಲ್ಲಿ, ಪೋರ್ಟ್ ಎಲೆನ್ 2024ರಲ್ಲಿ ಮತ್ತೆ ತೆರೆದವು; ಹಳೆಯ ಪೀಪಾಯಿಗಳು ತಂದ ಹೆಸರಿಲ್ಲದೆ ಅದು ನಡೆಯುತ್ತಿತ್ತೆಂದು ನನಗನ್ನಿಸುವುದಿಲ್ಲ.

ತಿಳಿದೇ ಕಾದವರೂ ಇದ್ದಾರೆ. ಎಲ್ಗಿನ್ ಪಟ್ಟಣದಲ್ಲಿ 1895ರಲ್ಲಿ ಆರಂಭವಾದ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಸಂಸ್ಥೆ ಬೇರೆ ಬೇರೆ ಡಿಸ್ಟಿಲರಿಗಳ ಮದ್ಯವನ್ನು 2023ರವರೆಗೂ ತಾನೇ ಆರಿಸಿದ ಪೀಪಾಯಿಗಳಿಗೆ ತುಂಬಿಸಿ, ತಲೆಮಾರುಗಳ ಕಾಲ ಕಾಯುತ್ತ ಬಂದಿದೆ. 1940ರ ಫೆಬ್ರವರಿಯಲ್ಲಿ ಶೆರಿ ಬಟ್‌ಗೆ ತುಂಬಿದ ಗ್ಲೆನ್‌ಲಿವೆಟ್ ಡಿಸ್ಟಿಲರಿಯ ಮದ್ಯವನ್ನು ಅವರು ಬಾಟಲಿಗೆ ಇಳಿಸಿದ್ದು 2020ರ ಫೆಬ್ರವರಿಯಲ್ಲಿ. ಎಂಬತ್ತು ವರ್ಷಗಳ ನಂತರವೂ ಅದರ ಮದ್ಯಾಂಶ ಶೇ. 44.9 ಇತ್ತು, ತುಂಬಿದ್ದು 250 ಡಿಕ್ಯಾಂಟರ್, ಅಂದರೆ ಅಲಂಕಾರದ ಗಾಜಿನ ಬಾಟಲಿಗಳು. ಯುದ್ಧಕಾಲದಲ್ಲಿ ಪೀಪಾಯಿಗೆ ಮರ ಆರಿಸಿದವರು, ನಡುವೆ ಆಗಾಗ ರುಚಿ ನೋಡಿ ಇನ್ನೂ ಇರಲಿ ಎಂದು ಬಿರಡೆ ಮುಚ್ಚಿದವರು, ಕೊನೆಗೆ ಇನ್ನು ಸಾಕು ಎಂದವರು, ಎಲ್ಲರೂ ಒಂದೇ ಕೆಲಸದಲ್ಲಿ ಕೈಜೋಡಿಸಿದವರು. ಅವರ ಜಾಣತನವನ್ನು ನಾನು ಮೆಚ್ಚುವುದು ಎಂಬತ್ತು ಎಂಬ ಸಂಖ್ಯೆಗಲ್ಲ, ನಡುವಿನ ಅಷ್ಟೂ ಸಲ ಸರಿಯಾಗಿ ರುಚಿ ನೋಡಿ ತೀರ್ಮಾನಿಸಿದ್ದಕ್ಕೆ.

ಸ್ಪೇಸೈಡ್‌ನ ಒಂದು ಉಗ್ರಾಣದಲ್ಲಿ

ಕೆಲವು ಗೆಳೆಯರು ಸೇರಿ ಒಂದು ಪೀಪಾಯಿಯನ್ನು ಕೊಳ್ಳುವುದೆಂದು ನಿರ್ಧರಿಸಿದಾಗ ಅವರ ಜೊತೆ ಸ್ಕಾಟ್ಲೆಂಡ್‌ನ ಸ್ಪೇಸೈಡ್ ಪ್ರದೇಶಕ್ಕೆ ನಾನೂ ಹೋಗಿದ್ದೆ. ಮಣ್ಣಿನ ನೆಲ, ದಪ್ಪ ಕಲ್ಲಿನ ಗೋಡೆ, ಒಂದರ ಮೇಲೊಂದರಂತೆ ಮೂರು ಸಾಲಿಗಿಂತ ಎತ್ತರ ಪೇರಿಸದ ಪೀಪಾಯಿಗಳ ಹಳೆಯ ಮಾದರಿಯ ಉಗ್ರಾಣ ಅದು. ಹೊರಗೋಡೆಯ ಮೇಲೂ ಹತ್ತಿರದ ಮರಗಳ ಕಾಂಡದ ಮೇಲೂ ಮದ್ಯದ ಆವಿಯನ್ನುಂಡು ಬೆಳೆಯುವ ಕಪ್ಪು ಶಿಲೀಂಧ್ರ ಮಸಿಯಂತೆ ಹರಡಿಕೊಂಡಿತ್ತು. ನಮ್ಮ ಮುಂದಿದ್ದವು 1991ರಲ್ಲಿ ಒಂದೇ ದಿನ ತುಂಬಿದ ಮೂರು ಪೀಪಾಯಿಗಳು: ಒಂದು ಫಸ್ಟ್ ಫಿಲ್ ಶೆರಿ ಬಟ್, ಎರಡು ರೀಫಿಲ್ ಹಾಗ್ಸ್‌ಹೆಡ್. ಉಗ್ರಾಣದ ಹಿರಿಯರು ಬಾಗುವ ಹಿಡಿಯ ಮರದ ಕೊಡತಿಯಿಂದ ಬಿರಡೆಯ ಈ ಬದಿಗೊಂದು ಆ ಬದಿಗೊಂದು ಏಟು ಹಾಕಿದರು. ಬಿರಡೆಯನ್ನು ಮುಟ್ಟಲಿಲ್ಲ, ಹಲಗೆ ಅದುರಿದ ಅದುರಿಗೆ ಅದು ತಾನಾಗಿ ಮೇಲೆದ್ದಿತು. ವ್ಯಾಲಿಂಚ್ ಎಂಬ ಉದ್ದನೆಯ ತಾಮ್ರದ ಕೊಳವೆಯನ್ನು ಒಳಗಿಳಿಸಿ, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿ, ಬೆರಳು ಸಡಿಲಿಸಿ ಲೋಟಕ್ಕೆ ಬಿಟ್ಟರು. ಮೊದಲ ಹನಿಗಳನ್ನು ತಮ್ಮ ಅಂಗೈಗೆ ಹಾಕಿಕೊಂಡು, ಎರಡೂ ಕೈ ಉಜ್ಜಿ ಮೂಗಿನ ಬಳಿ ಹಿಡಿದರು. ಆಲ್ಕೋಹಾಲು ಹಾರಿಹೋದ ಮೇಲೆ ಉಳಿಯುವ ವಾಸನೆ ಮದ್ಯದ ನಿಜವಾದ ಸ್ವಭಾವವನ್ನು ತೋರಿಸುತ್ತದೆ ಎಂದು ಅವರು ಹೇಳಿದ್ದನ್ನು ನಾನು ಇಂದಿಗೂ ಪಾಲಿಸುತ್ತೇನೆ.

ಬಟ್‌ನ ವಿಸ್ಕಿ ಕಡುಗಂದು ಬಣ್ಣದ್ದು. ಒಣದ್ರಾಕ್ಷಿ, ಅಕ್ರೋಟು, ಹಳೆಯ ಚರ್ಮ. ಮೂಗಿಗೆ ತಕ್ಷಣ ಒಪ್ಪಿಗೆಯಾಗುವ ಗಾಢವಾದ ಪರಿಮಳ. ಗೆಳೆಯರಲ್ಲಿ ಹೆಚ್ಚಿನವರು ಅಲ್ಲಿಯೇ ಮನಸ್ಸು ಕೊಟ್ಟಿದ್ದರು. ಮೊದಲ ಹಾಗ್ಸ್‌ಹೆಡ್‌ನದು ಒಣಹುಲ್ಲಿನ ಬಣ್ಣ. ಉಗ್ರಾಣದ ಚಳಿಯಲ್ಲಿ ಅದರಿಂದ ಒದ್ದೆ ಹುಲ್ಲಿನ ವಾಸನೆ ಬಿಟ್ಟರೆ ಹೆಚ್ಚೇನೂ ಏಳಲಿಲ್ಲ. ಎರಡನೆಯ ಹಾಗ್ಸ್‌ಹೆಡ್‌ನ ಹಲಗೆಯ ಸಂದಿಯಲ್ಲಿ ಎಂದೋ ಸೋರಿಕೆಯಾಗಿತ್ತು. ಮಟ್ಟ ತೀರ ಕೆಳಗಿಳಿದು, ಮದ್ಯಾಂಶ ನಲವತ್ತೊಂದರ ಸಮೀಪಕ್ಕೆ ಬಂದಿತ್ತು. ಅಲ್ಲೇ ತೀರ್ಮಾನಿಸದೆ ಮೂರರ ಮಾದರಿಗಳನ್ನೂ ಚಿಕ್ಕ ಬಾಟಲಿಗಳಲ್ಲಿ ಹಿಡಿದು, ಬೆಚ್ಚಗಿನ ಕೋಣೆಯೊಂದಕ್ಕೆ ಒಯ್ದೆವು. ಚಳಿಯಲ್ಲಿ ವಿಸ್ಕಿಯ ಪರಿಮಳ ಮುದುಡಿಕೊಂಡಿರುತ್ತದೆ. ಉಗ್ರಾಣದ ವಾತಾವರಣವೋ ನೋಡುವವರ ಮನಸ್ಸನ್ನು ಮೊದಲೇ ಗೆದ್ದಿರುತ್ತದೆ. ಪೀಪಾಯಿಯ ಪಕ್ಕದಲ್ಲಿ ನಿಂತು ಎಂದೂ ಆರಿಸಬಾರದು.

ಅರ್ಧ ಗಂಟೆಯ ನಂತರ ಲೆಕ್ಕ ತಲೆಕೆಳಗಾಯಿತು. ಬಟ್‌ನ ವಿಸ್ಕಿ ನಾಲಿಗೆಯ ಮೇಲೆ ಸಿಹಿಯಾಗಿ ಹೊರಟು, ನುಂಗುವಷ್ಟರಲ್ಲಿ ವಸಡನ್ನು ಹಿಂಡುವ ಒಗರಾಗಿ ನಿಂತಿತು. ಎರಡು ಹನಿ ನೀರು ಹಾಕಿದರೆ ಕಹಿ ಇನ್ನಷ್ಟು ಮೇಲೆದ್ದಿತು. ಸೋರಿದ ಪೀಪಾಯಿಯದು ಮೂಗಿಗೆ ಮೂರರಲ್ಲೂ ಸುಂದರ: ಹಳೆಯ ಮಾವು, ಜೇನುಮೇಣ. ಬಾಯಲ್ಲಿ ಮಾತ್ರ ಅದಕ್ಕೆ ನಿಲ್ಲುವ ಕಸುವಿರಲಿಲ್ಲ, ಬಂದಷ್ಟೇ ಬೇಗ ಹೋಯಿತು. ಅದನ್ನು ಐದಾರು ವರ್ಷ ಮೊದಲೇ ಬಾಟಲಿಗೆ ಇಳಿಸಬೇಕಿತ್ತು. ಯಾರೂ ಗಮನಿಸದೆ ಬಿಟ್ಟಿದ್ದ ಮೊದಲ ಹಾಗ್ಸ್‌ಹೆಡ್ ಅಷ್ಟರಲ್ಲಿ ತೆರೆದುಕೊಂಡಿತ್ತು. ಸೇಬು, ಅನಾನಸ್, ಅದರ ಹಿಂದೆ ಮೇಣ, ಇವೆಲ್ಲದರ ಅಡಿಯಲ್ಲಿ ಆಗಷ್ಟೇ ಬಟ್ಟಿ ಇಳಿಸಿದ ಬಾರ್ಲಿ ಮದ್ಯದ ಸ್ಪಷ್ಟವಾದ ಕಾಳಿನ ಸವಿ. ಮೂರು ದಶಕಗಳ ಸಮೀಪಕ್ಕೆ ಬಂದರೂ ಮದ್ಯ ತನ್ನ ಮೂಲವನ್ನು ಬಿಟ್ಟುಕೊಟ್ಟಿರಲಿಲ್ಲ. ನನ್ನ ವಾದ ಇದರ ಪರವಾಗಿತ್ತು. ಇಷ್ಟು ತಿಳಿಬಣ್ಣದ್ದನ್ನು ಹಳೆಯದೆಂದು ಯಾರು ನಂಬುತ್ತಾರೆ ಎಂದು ಒಬ್ಬರು ಕೇಳಿದರು. ಕುಡಿದವರು ನಂಬುತ್ತಾರೆ ಎಂದೆ. ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ಎಲ್ಲರೂ ಲೋಟಗಳ ಗುರುತು ಕಾಣದಂತೆ ಅದಲುಬದಲು ಮಾಡಿ ಮತ್ತೆ ರುಚಿ ನೋಡಿದ ಮೇಲೆ ತೀರ್ಮಾನ ಹಾಗ್ಸ್‌ಹೆಡ್‌ನ ಕಡೆಗೇ ಬಂತು.

ಇನ್ನೂ ಐದು ವರ್ಷ ಬಿಡೋಣವೇ ಎಂಬ ಪ್ರಶ್ನೆ ಆಮೇಲೆ ಎದ್ದಿತು. ಹಿರಿಯರು ಹಿಂದಿನ ಅಳತೆಗಳ ಪುಸ್ತಕ ತೆಗೆದು ಮಟ್ಟವೂ ಮದ್ಯಾಂಶವೂ ಹೇಗೆ ಇಳಿಯುತ್ತ ಬಂದಿವೆ ಎಂಬುದನ್ನು ತೋರಿಸಿದರು. ಕಾದರೆ ಹಣ್ಣಿನ ಪರಿಮಳ ಇನ್ನಷ್ಟು ಆಳವಾಗಬಹುದಿತ್ತು; ಆದರೆ ಕಾಳಿನ ಸವಿ ಉಳಿಯುವ ಭರವಸೆ ಇರಲಿಲ್ಲ. ಇರುವ ಸಮತೋಲನವನ್ನು ಇನ್ನೊಂದು ವಯಸ್ಸಿನ ಅಂಕಿಗಾಗಿ ಪಣಕ್ಕಿಡುವುದು ಬೇಡವೆಂದು ಅಲ್ಲಿಗೇ ನಿಲ್ಲಿಸಿದೆವು.

ಪೀಪಾಯಿ ಕಾಣದಿದ್ದಾಗ

ಹೆಚ್ಚಿನವರಿಗೆ ಆರಿಸಲು ಸಿಗುವುದು ಪೀಪಾಯಿಯಲ್ಲ, ಬಾಟಲಿ. ಆಗ ಲೇಬಲ್ಲನ್ನು ಓದಲು ಕಲಿಯಬೇಕು. ತುಂಬಿದ ದಿನ, ಬಾಟಲಿಗೆ ಇಳಿಸಿದ ದಿನ, ಪೀಪಾಯಿಯ ಬಗೆ ಮತ್ತು ಸಂಖ್ಯೆ, ಒಟ್ಟು ಬಾಟಲಿಗಳು, ಮದ್ಯಾಂಶ ಇವಿಷ್ಟೂ ಇರುವುದು ಒಳ್ಳೆಯ ಲಕ್ಷಣ. ಬಾಟಲಿಗಳ ಸಂಖ್ಯೆ ಪೀಪಾಯಿಯ ಗಾತ್ರಕ್ಕೂ ವಯಸ್ಸಿಗೂ ಹೊಂದುತ್ತದೆಯೇ ಎಂದು ಮೇಲೆ ಹೇಳಿದ ಲೆಕ್ಕದಿಂದ ನೋಡಿಕೊಳ್ಳಬಹುದು. ಸಿಂಗಲ್ ಮಾಲ್ಟ್ ಎಂಬುದಕ್ಕೆ 2009ರ ಸ್ಕಾಚ್ ವಿಸ್ಕಿ ನಿಯಮಗಳಲ್ಲಿ ಸ್ಥಾನವಿದೆ. ಸಿಂಗಲ್ ಕಾಸ್ಕ್ ಅಲ್ಲಿ ಪ್ರತ್ಯೇಕ ವರ್ಗವಲ್ಲ. ಆದ್ದರಿಂದ ಇಪ್ಪತ್ತೆಂಟು ವರ್ಷ ಒಂದು ಪೀಪಾಯಿಯಲ್ಲಿದ್ದು ಕೊನೆಯ ಎರಡು ವರ್ಷ ಇನ್ನೊಂದಕ್ಕೆ ಸುರಿದದ್ದೂ ಆ ಹೆಸರಿನಲ್ಲಿ ಬರಬಹುದು. ಅದು ತಪ್ಪೇನಲ್ಲ, ಕೊಳ್ಳುವವರಿಗೆ ಅದು ತಿಳಿದಿರಬೇಕು ಅಷ್ಟೆ. ಬಣ್ಣವನ್ನಂತೂ ನಂಬಬೇಡಿ. ಬಣ್ಣಕ್ಕಾಗಿ ಕ್ಯಾರಮೆಲ್ ಸೇರಿಸಲು ಕಾನೂನು ಒಪ್ಪುತ್ತದೆ. ಸಿಂಗಲ್ ಕಾಸ್ಕ್‌ಗಳಲ್ಲಿ ಅದು ವಿರಳವಾದರೂ, ಮರ ತಾನಾಗಿ ಕೊಟ್ಟ ಕಡುಬಣ್ಣವೂ ಮರ ಎಷ್ಟು ಕೊಟ್ಟಿತು ಎಂಬುದನ್ನು ಹೇಳುತ್ತದೆಯೇ ಹೊರತು ಮದ್ಯ ಎಷ್ಟು ಮಾಗಿತು ಎಂಬುದನ್ನಲ್ಲ.

ಹರಾಜಿನಲ್ಲಿ ತೀರ ಹಳೆಯದನ್ನು ಕೊಳ್ಳುವವರಿಗೆ ನಕಲಿಯ ಭಯವೂ ಇದೆ. 2018ರಲ್ಲಿ ಸ್ಕಾಟ್ಲೆಂಡ್‌ನ ಸಂಶೋಧನಾ ಕೇಂದ್ರವೊಂದು ರೇಡಿಯೊ ಕಾರ್ಬನ್ ವಿಧಾನದಿಂದ 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ 21 ನಕಲಿ ಅಥವಾ ಹೇಳಿದ ವರ್ಷದ್ದಲ್ಲ ಎಂದು ಕಂಡುಬಂತು. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳು ವಾತಾವರಣದಲ್ಲಿ ಬಿಟ್ಟ ಇಂಗಾಲದ ಗುರುತು ಆ ಕಾಲದ ಬಾರ್ಲಿಯಲ್ಲಿ, ಅದರಿಂದ ಮಾಡಿದ ಮದ್ಯದಲ್ಲಿ ಉಳಿದಿರುತ್ತದೆ. ಅದಕ್ಕೂ ಹಿಂದಿನದೆಂದು ಹೇಳಿದ ವಿಸ್ಕಿಯಲ್ಲಿ ಆ ಗುರುತು ಸಿಕ್ಕರೆ ಸುಳ್ಳು ಬಯಲಾದಂತೆ.

ಲೋಟದಲ್ಲಿ

ಇಷ್ಟು ಕಾಲ ಕಾದ ಮದ್ಯಕ್ಕೆ ಸವಿಯುವವರೂ ಸ್ವಲ್ಪ ಕಾಯಬೇಕು. ಬುಡದಲ್ಲಿ ಉಬ್ಬಿ ಬಾಯಿಯಲ್ಲಿ ಕಿರಿದಾಗುವ ಲೋಟಕ್ಕೆ ಇಪ್ಪತ್ತು ಮಿಲಿಲೀಟರ್ ಸಾಕು. ನಾನು ಕನಿಷ್ಠ ಇಪ್ಪತ್ತು ನಿಮಿಷ ಅದನ್ನು ಹಾಗೆಯೇ ಬಿಡುತ್ತೇನೆ. ಮೂಗನ್ನು ಲೋಟದೊಳಗೆ ಇಳಿಸದೆ, ಅಂಚಿನಿಂದ ತುಸು ದೂರ ಹಿಡಿದು, ಬಾಯಿ ಸ್ವಲ್ಪ ತೆರೆದು ಮೆಲ್ಲಗೆ ಉಸಿರೆಳೆದುಕೊಂಡರೆ ಆಲ್ಕೋಹಾಲಿನ ಘಾಟು ಅಡ್ಡಬರುವುದಿಲ್ಲ. ಸಾಧ್ಯವಾದರೆ ಅದೇ ಡಿಸ್ಟಿಲರಿಯ ಹತ್ತು ಹನ್ನೆರಡು ವರ್ಷದ ವಿಸ್ಕಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಎಳೆಯದರಲ್ಲಿ ಕಂಡ ಯಾವ ಗುಣ ಹಳೆಯದರಲ್ಲೂ ಉಳಿದಿದೆ, ಯಾವುದು ಬೇರೆಯಾಗಿ ಬೆಳೆದಿದೆ, ಯಾವುದು ಮರದಡಿ ಹೂತುಹೋಗಿದೆ ಎಂಬುದು ಅಕ್ಕಪಕ್ಕ ಇಟ್ಟಾಗ ತಾನಾಗಿ ತಿಳಿಯುತ್ತದೆ. ಟಿಪ್ಪಣಿಗಳ ಪಟ್ಟಿ ಬರೆಯುವುದಕ್ಕಿಂತ ಈ ಹೋಲಿಕೆಯೇ ನನಗೆ ಹೆಚ್ಚು ಕಲಿಸಿದೆ.

ನೀರಿನ ವಿಷಯದಲ್ಲಿ ಹಟ ಬೇಡ. ಸ್ವೀಡನ್‌ನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದ ಮೂಲಕ ತೋರಿಸಿದಂತೆ, ಹೊಗೆಯ ಕಂಪು ಕೊಡುವ ಗ್ವಾಯಕಾಲ್‌ನಂಥ ಅಣುಗಳು ಮದ್ಯಾಂಶ ಹೆಚ್ಚಿದ್ದಾಗ ದ್ರವದ ಒಳಗೇ ಉಳಿಯುತ್ತವೆ, ನೀರು ಬೆರೆಸಿದಾಗ ಮೇಲ್ಮೈಯ ಕಡೆ ಬರುತ್ತವೆ. ಐವತ್ತೈದು ಅರವತ್ತರ ಮದ್ಯಾಂಶದ್ದಕ್ಕೆ ಇದರಿಂದ ನಿಜವಾದ ಪ್ರಯೋಜನವಿದೆ. ಕಾಲವೇ ನಲವತ್ತೈದಕ್ಕೆ ಇಳಿಸಿದ ಹಳೆಯ ಪೀಪಾಯಿಗೆ ಮಾತ್ರ ಒಂದು ಹನಿಯನ್ನೂ ಯೋಚಿಸಿ ಹಾಕಬೇಕು. ಅದರ ಮೈಕಟ್ಟು ಒಮ್ಮೆ ಸಡಿಲಾದರೆ ಮತ್ತೆ ಕೂಡುವುದಿಲ್ಲ. ಅರ್ಧವನ್ನು ಬೇರೆ ಲೋಟಕ್ಕೆ ತೆಗೆದುಕೊಂಡು ಅದರಲ್ಲಿ ನೀರಿನ ಪರೀಕ್ಷೆ ಮಾಡುವುದು ಒಳ್ಳೆಯದು.

ಬಾಯಿಗೆ ತೆಗೆದುಕೊಂಡ ಮೊದಲ ಗುಟುಕು ನಾಲಿಗೆಯನ್ನು ಅಣಿಗೊಳಿಸುವುದಕ್ಕಷ್ಟೇ; ಎರಡನೆಯದರಿಂದ ತೂಗಿ ನೋಡಿ. ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸುವುದು ನುಂಗಿದ ಮೇಲಿನ ಎರಡು ಮೂರು ನಿಮಿಷಗಳನ್ನು. ಮರ ಗೆದ್ದ ವಿಸ್ಕಿಯಲ್ಲಿ ಕೊನೆಗೆ ಒಗರೊಂದೇ ಉಳಿದು ಬಾಯಿ ಒಣಗುತ್ತದೆ. ಸರಿಯಾದ ಹೊತ್ತಿಗೆ ನಿಲ್ಲಿಸಿದ್ದರಲ್ಲಿ ಒಗರು ಬಂದರೂ ಅದರ ಹಿಂದೆ ಹಣ್ಣು ಅಥವಾ ಕಾಳಿನ ಸವಿ ಮತ್ತೊಮ್ಮೆ ಮರಳಿ ಬರುತ್ತದೆ, ಬಾಯಲ್ಲಿ ನೀರೂರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ನಂಬಿಕಸ್ತ ಪರೀಕ್ಷೆ ಬೇರೊಂದಿಲ್ಲ.

ಮೆಕಾಲನ್ ಡಿಸ್ಟಿಲರಿಯಲ್ಲಿ 1926ರಲ್ಲಿ ಬಟ್ಟಿ ಇಳಿಸಿದ್ದನ್ನು 263ನೇ ಸಂಖ್ಯೆಯ ಶೆರಿ ಪೀಪಾಯಿಯಿಂದ 1986ರಲ್ಲಿ ಹೊರತೆಗೆದಾಗ ಸಿಕ್ಕಿದ್ದು 40 ಬಾಟಲಿಗಳು. ಅವುಗಳಲ್ಲಿ ಒಂದು 2023ರ ನವೆಂಬರ್‌ನಲ್ಲಿ ಲಂಡನ್‌ನ ಹರಾಜಿನಲ್ಲಿ 21 ಲಕ್ಷ ಪೌಂಡ್ ಮೀರಿದ ಬೆಲೆಗೆ ಹೋಯಿತು. ಅಂಥ ಬಾಟಲಿಯನ್ನು ಯಾರೂ ತೆರೆಯುವುದಿಲ್ಲ. ನಮ್ಮ ಕೈಗೆಟುಕುವ ಬಾಟಲಿಗಳನ್ನಾದರೂ ತೆರೆಯೋಣ ಎಂಬುದು ನನ್ನ ಕೋರಿಕೆ. ತೆರೆಯುವವರೆಗೆ ಅದನ್ನು ನೆಟ್ಟಗೆ, ಬೆಳಕು ತಾಗದಂತೆ ನಿಲ್ಲಿಸಿಡಿ. ಮಲಗಿಸಿದರೆ ಈ ಪ್ರಮಾಣದ ಆಲ್ಕೋಹಾಲು ಬಿರಡೆಯನ್ನು ಕೊರೆದು ಹಾಳುಮಾಡುತ್ತದೆ. ಹಳೆಯ ಬಿರಡೆ ಮುರಿಯುವ ಸಾಧ್ಯತೆಯಿರುವುದರಿಂದ ಬದಲಿ ಬಿರಡೆಯೊಂದನ್ನು ಹತ್ತಿರ ಇಟ್ಟುಕೊಂಡೇ ತೆರೆಯಿರಿ. ತೆರೆದ ಮೊದಲ ವಾರಗಳಲ್ಲಿ ಅದು ಬದಲಾಗುತ್ತ ಹೋಗುತ್ತದೆ, ಹಲವು ಸಲ ಇನ್ನಷ್ಟು ಚೆನ್ನಾಗುತ್ತದೆ. ಮಟ್ಟ ಮೂರನೇ ಒಂದು ಪಾಲಿಗೆ ಇಳಿದ ಮೇಲೆ ಗಾಳಿಯ ಪಾಲು ಹೆಚ್ಚಾಗಿ ಪರಿಮಳ ಬೇಗ ಮಂಕಾಗುತ್ತದೆ. ಆ ಹಂತದಲ್ಲಿ ಉಳಿದಿದ್ದನ್ನು ಬಾಯಿಮಟ್ಟ ತುಂಬುವಷ್ಟು ಚಿಕ್ಕ ಗಾಜಿನ ಬಾಟಲಿಗೆ ವರ್ಗಾಯಿಸಿ, ಇಲ್ಲವೇ ರುಚಿ ಬಲ್ಲ ನಾಲ್ಕು ಜನರನ್ನು ಕರೆದು ಒಂದೇ ಸಂಜೆ ಹಂಚಿಕೊಂಡು ಮುಗಿಸಿ.